ಎಷ್ಟು ಅಗಲಕ್ಕೆ ಅಪ್ಪಣೆ?

ಮೂವತ್ತು ನಲವತ್ತರ ನಿವೇಶನದಲ್ಲಿ ಎಷ್ಟು ಅಗಲದ ಮನೆ ಕಟ್ಟಬಹುದೆಂಬ ಪ್ರಶ್ನೆಗೆ ಉತ್ತರ ಹೇಳುತ್ತ ಹೇಳುತ್ತಲೇ ನನ್ನ ಉದ್ಯೋಗಜೀವನದ ಮೂವತ್ತೆರಡು ವರ್ಷಗಳು ಕಳೆದುಹೋದವು. ಜನ ತರುವ ಕಟ್ಟಡದ ನಕ್ಷೆಗಳನ್ನು ಪರಿಶೀಲಿಸಿ, ನಿಯಮಕ್ಕೆ ಒಪ್ಪುವಂತಿದ್ದರೆ ಮೇಲಿನವರಿಗೆ ಶಿಫಾರಸು ಮಾಡುವುದು, ಒಪ್ಪದಿದ್ದರೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು ಹಿಂದಿರುಗಿಸುವುದು, ಇದು ನನ್ನ ಕೆಲಸವಾಗಿತ್ತು. ಆ ಕೆಂಪು ಶಾಯಿಯಿಂದ ನಾನು ಸಂಪಾದಿಸಿದ ಸ್ನೇಹಿತರ ಸಂಖ್ಯೆ ಹೆಚ್ಚಿನದಲ್ಲವೆಂದು ವಾಚಕರಿಗೆ ಬೇರೆ ಹೇಳಬೇಕಾಗಿಲ್ಲ. ನಿವೃತ್ತನಾದ ಮೇಲೆ ಆ ಪ್ರಶ್ನೆ ಇನ್ನು ನನ್ನನ್ನು ಕಾಡಲಾರದೆಂದು ನಂಬಿದ್ದೆ. ಆದರೆ ಹೋದ ಭಾನುವಾರ ಅದೇ ಪ್ರಶ್ನೆ, ಅಳತೆಯ ಟೇಪಿಗೆ ಸಿಕ್ಕದ ಹೊಸ ವೇಷವೊಂದನ್ನು ಧರಿಸಿ, ನಮ್ಮ ಮನೆಯ ಮಹಡಿಯ ಮೇಲೆಯೇ ಬಂದು ಕುಳಿತಿತು.

ಸಂಗತಿ ಇಷ್ಟು. ನಮ್ಮ ಮನೆಯ ವೈ-ಫೈ ಪೆಟ್ಟಿಗೆ ಇರುವುದು ಕೆಳಗಿನ ನಡುಮನೆಯಲ್ಲಿ. ಸೊಸೆ ಕಚೇರಿಯ ಕೆಲಸಕ್ಕೆ ಕೂರುವುದು ಮಹಡಿಯ ಕೋಣೆಯಲ್ಲಿ. ನಡುವೆ ಕಾಂಕ್ರೀಟಿನ ತಾರಸಿ. ಆಕೆ ಮೇಲಧಿಕಾರಿಗಳೊಡನೆ ಮುಖಾಮುಖಿ ಮಾತನಾಡುತ್ತಿರುವಾಗಲೇ ಪರದೆಯ ಮೇಲಿನ ಚಿತ್ರ ಶಿಲಾಮೂರ್ತಿಯಾಗಿ ನಿಂತುಬಿಡುವುದು ನಿತ್ಯದ ಕಥೆಯಾಗಿತ್ತು. ಸೋಮವಾರ ಆಕೆಗೆ ಮುಖ್ಯವಾದೊಂದು ಸಂದರ್ಶನವಿತ್ತು. ಬಡ್ತಿಯ ವಿಷಯ. "ಮಾವ, ಅವತ್ತೂ ಹೀಗೆಯೇ ಆದರೆ ಏನು ಮಾಡಲಿ?" ಎಂದು ಆಕೆ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಎಂಜಿನಿಯರಿಂಗ್ ಎರಡನೆಯ ವರ್ಷದಲ್ಲಿ ಓದುತ್ತಿರುವ ಮೊಮ್ಮಗನಲ್ಲಿತ್ತು. ಅಟ್ಟದಲ್ಲಿ ಧೂಳು ಹೊದ್ದು ಮಲಗಿದ್ದ ಹಳೆಯ ಕಂಪ್ಯೂಟರನ್ನು ಇಳಿಸಿ, ಅದರಲ್ಲಿ ಲಿನಕ್ಸ್ ಎಂಬ ವ್ಯವಸ್ಥೆಯನ್ನು ಹಾಕಿ, ಎರಡು ವೈ-ಫೈ ಕಾರ್ಡುಗಳನ್ನು ಜೋಡಿಸಿದ. ಒಂದು ಕಾರ್ಡು ಕೆಳಗಿನ ಪೆಟ್ಟಿಗೆಯಿಂದ ಇಂಟರ್‌ನೆಟ್ ಪಡೆಯಬೇಕು; ಇನ್ನೊಂದು ಅದನ್ನು 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಮಹಡಿಯ ತುಂಬ ಹಂಚಬೇಕು. ಇದು ಅವನ ಯೋಜನೆ.

ಪಡೆಯುವುದೇನೋ ಆಯಿತು. ಹಂಚುವ ಹೊತ್ತಿಗೆ ಯಂತ್ರ ಖಡಾಖಂಡಿತವಾಗಿ ನಿರಾಕರಿಸಿತು.

"ಕಾರ್ಡು ಚೆನ್ನಾಗಿದೆ ತಾತ. ಆದರೆ ಕರ್ನಲ್ ಅಪ್ಪಣೆ ಕೊಡುತ್ತಿಲ್ಲ," ಎಂದ.

ಅಪ್ಪಣೆ ಎಂಬ ಮಾತು ಕಿವಿಗೆ ಬಿದ್ದೊಡನೆ ನನ್ನ ಹಳೆಯ ಹೃದಯ ಚಿಗುರಿತು. ಕನ್ನಡಕ ಹಾಕಿಕೊಂಡು ಅವನ ಪಕ್ಕದಲ್ಲಿ ಕುಳಿತೆ. ಆ ಸಂಜೆ ನಾನು ಕಲಿತದ್ದನ್ನು ಈ ವಾರ ವಾಚಕರ ಮುಂದಿಡುತ್ತಿದ್ದೇನೆ. ಇದು ಕಂಪ್ಯೂಟರಿನವರಿಗೆ ಮಾತ್ರ ಸಂಬಂಧಿಸಿದ ವಿಚಾರವೆಂದು ಪುಟ ತಿರುವಬೇಡಿ. ನಿಮ್ಮ ಅಂಗೈಯಲ್ಲಿರುವುದು ಆಂಡ್ರಾಯ್ಡ್ ಫೋನಾದರೆ, ಅದರೊಳಗೆ ಕುಳಿತಿರುವುದೂ ಇದೇ ಲಿನಕ್ಸ್ ಕರ್ನಲ್.

ಕರ್ನಲ್ ಎಂದರೆ ತಿರುಳು. ತೆಂಗಿನಕಾಯಿಗೆ ಕೊಬ್ಬರಿ ಹೇಗೋ ಹಾಗೆ ಕಂಪ್ಯೂಟರಿನ ಕಾರ್ಯವ್ಯವಸ್ಥೆಗೆ ಇದು ಒಳಸತ್ತ್ವ. ನಾವು ಪರದೆಯ ಮೇಲೆ ಕಾಣುವ ಚಿತ್ರಗಳು, ಕಿಟಕಿಗಳು, ಆಟಗಳು ಎಲ್ಲವೂ ಸಿಪ್ಪೆ. ಯಂತ್ರದ ಭಾಗಗಳನ್ನು ನಿಜವಾಗಿ ಆಳುವುದು ತಿರುಳು. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ ಎಂಬ ತರುಣನು 1991ರಲ್ಲಿ ಲಿನಕ್ಸಿನ ತಿರುಳನ್ನು ಬರೆದು ಲೋಕದ ಮುಂದಿಟ್ಟನು. ಅಂದಿನಿಂದ ಸಾವಿರಾರು ಜನ ಅದನ್ನು ತಿದ್ದಿ ಬೆಳೆಸಿದ್ದಾರೆ. ಅದರೊಳಗೆ ಅನೇಕ ಇಲಾಖೆಗಳಿವೆ. ನಿಸ್ತಂತು ಇಲಾಖೆಯ ಹೆಸರು ಸಿಎಫ್‌ಜಿ 80211. ಹೆಸರು ಕೇಳಿ ಗಾಬರಿಯಾಗಬೇಡಿ. ನನ್ನ ಹಳೆಯ ಕಚೇರಿಯ ಕಡತಗಳಿಗೂ ಇದಕ್ಕಿಂತ ಸುಂದರವಾದ ಹೆಸರುಗಳೇನೂ ಇರಲಿಲ್ಲ. ಈ ಇಲಾಖೆಯ ಅಪ್ಪಣೆಯಿಲ್ಲದೆ ಸಾಮಾನ್ಯವಾಗಿ ಯಾವ ವೈ-ಫೈ ಕಾರ್ಡೂ ಗಾಳಿಯಲ್ಲಿ ಬಾಯಿ ಬಿಡುವಂತಿಲ್ಲ.

ಇನ್ನು ಅಗಲದ ಮಾತು. ರೇಡಿಯೋದ ಮುಳ್ಳು ತಿರುಗಿಸಿ ನಿಲಯ ಹಿಡಿದ ಅಭ್ಯಾಸವಿರುವ ನಮ್ಮಂಥವರಿಗೆ ನಿಲಯವೆಂದರೆ ಒಂದು ಗೆರೆ, ಒಂದು ಬಿಂದು. ನಿಜಕ್ಕೂ ಅದು ಬಿಂದುವಲ್ಲ, ಒಂದು ಓಣಿ. ವೈ-ಫೈಯಲ್ಲಿ ಚಾನೆಲ್ ಸಂಖ್ಯೆ ಆ ಓಣಿಯ ನಡುಗೆರೆಯನ್ನು ಮಾತ್ರ ಹೇಳುತ್ತದೆ. ಉದಾಹರಣೆಗೆ ಒಂದನೆಯ ಚಾನೆಲ್ಲಿನ ನಡುಗೆರೆ 2412 ಮೆಗಾಹರ್ಟ್ಸ್. ಸಾಮಾನ್ಯ ಓಣಿಯ ಅಗಲ 20. ಆದ್ದರಿಂದ ಅದು ಎಡಕ್ಕೆ ಹತ್ತು, ಬಲಕ್ಕೆ ಹತ್ತು ಚಾಚಿ, 2402ರಿಂದ 2422ರವರೆಗಿನ ಜಾಗವನ್ನು ಆಕ್ರಮಿಸುತ್ತದೆ. ಓಣಿ ಅಗಲವಾದಷ್ಟೂ ಮಾಹಿತಿಯ ಬಂಡಿಗಳು ಹೆಚ್ಚು ಓಡುತ್ತವೆ. ಈ ಆಸೆಯಿಂದಲೇ 2009ರ ವೈ-ಫೈ ಮಾನದಂಡವು 40 ಮೆಗಾಹರ್ಟ್ಸ್ ಅಗಲವನ್ನು ತಂದಿತು. 2013ರದು 80 ಮತ್ತು 160ನ್ನು ತಂದಿತು. ಇತ್ತೀಚಿನದು 320ಕ್ಕೂ ಕೈಚಾಚಿದೆ. ಅಂಗಡಿಯ ಪೆಟ್ಟಿಗೆಗಳ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗುವ ವೇಗದ ಹಿಂದೆ ಬಹುಮಟ್ಟಿಗೆ ಈ ಅಗಲವೇ ಇದೆ.

ಆದರೆ ಆಕಾಶವೆಂಬುದು ಬರಿಯ ಬಯಲಲ್ಲ. ಅಲ್ಲಿಯೂ ನಿವೇಶನಗಳಿವೆ, ಬೇಲಿಗಳಿವೆ, ಒಡೆಯರಿದ್ದಾರೆ. ಯಾವ ಪಟ್ಟಿ ಸಾರ್ವಜನಿಕರಿಗೆ, ಯಾವುದು ಸೇನೆಗೆ, ಯಾವುದು ಉಪಗ್ರಹಗಳಿಗೆ, ಯಾವುದು ರಾಡಾರಿಗೆ ಎಂಬುದನ್ನು ಪ್ರತಿಯೊಂದು ದೇಶದ ಸರ್ಕಾರವೂ ತಾನೇ ನಿರ್ಧರಿಸುತ್ತದೆ. ಭಾರತದಲ್ಲಿ 2400ರಿಂದ 2483.5 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ಲೈಸೆನ್ಸಿನ ಹಂಗಿಲ್ಲದೆ ಬಳಸಬಹುದೆಂದು ಆದೇಶವಾದದ್ದು 2005ರ ಜನವರಿಯಲ್ಲಿ. 5 ಗಿಗಾಹರ್ಟ್ಸ್‌ನಲ್ಲಿ ವಿಶಾಲವಾದ ಜಾಗ ದೊರೆತದ್ದು 2018ರ ಅಕ್ಟೋಬರ್ 22ರ ಆದೇಶದಿಂದ. 5150ರಿಂದ 5250, 5250ರಿಂದ 5350, 5470ರಿಂದ 5725, 5725ರಿಂದ 5875, ಹೀಗೆ ನಾಲ್ಕು ತುಂಡುಗಳು. ಕೂಡಿದರೆ 605 ಮೆಗಾಹರ್ಟ್ಸ್.

ಈ ಆದೇಶಗಳನ್ನು ತಿರುಳು ಬಲ್ಲುದು ಹೇಗೆ? ಅದಕ್ಕೊಂದು ದಫ್ತರವಿದೆ. ನಾನಾ ದೇಶಗಳ ನಿಯಮಗಳನ್ನು ಓದಿ, ಸಾಲು ಸಾಲಾಗಿ ಬರೆದಿಟ್ಟ ಪಟ್ಟಿ ಅದು. ಪ್ರತಿ ದೇಶಕ್ಕೂ ಎರಡಕ್ಷರದ ಗುರುತು: ಭಾರತಕ್ಕೆ ಐಎನ್, ಅಮೆರಿಕಕ್ಕೆ ಯುಎಸ್, ಜಪಾನಿಗೆ ಜೆಪಿ. ಗುರುತಿನ ಕೆಳಗೆ ಒಂದೊಂದು ತುಂಡಿಗೂ ಒಂದೊಂದು ಸಾಲು: ಎಲ್ಲಿಂದ ಎಲ್ಲಿಯವರೆಗೆ, ಗರಿಷ್ಠ ಅಗಲವೆಷ್ಟು, ದನಿ ಎಷ್ಟು ಜೋರಾಗಿರಬಹುದು, ವಿಶೇಷ ಷರತ್ತುಗಳೇನು. ಸರ್ಕಾರಗಳು ನಿಯಮ ಬದಲಿಸಿದಾಗ ಜಗತ್ತಿನ ನಾನಾ ಕಡೆಯ ಪ್ರೋಗ್ರಾಮರುಗಳು ತಿದ್ದುಪಡಿಗಳನ್ನು ಕಳಿಸುತ್ತಾರೆ. ಹಿಂದೆ ಈ ಪಟ್ಟಿಯನ್ನು ಓದಿ ತಿರುಳಿಗೆ ಒಪ್ಪಿಸಲು ಬೇರೊಂದು ಸಹಾಯಕ ಪ್ರೋಗ್ರಾಮು ಇತ್ತು. 2018ರ ಆರಂಭದಲ್ಲಿ ಹೊರಬಂದ 4.15ನೆಯ ಆವೃತ್ತಿಯಿಂದೀಚೆಗೆ ತಿರುಳು ತಾನೇ ಅದನ್ನು ತೆರೆದು ಓದಬಲ್ಲುದು. ಓದುವ ಮೊದಲು ಅದರ ಮೇಲಿನ ಡಿಜಿಟಲ್ ಸಹಿಯನ್ನು ತಾಳೆ ನೋಡುತ್ತದೆ. ನಡುದಾರಿಯಲ್ಲಿ ಯಾರಾದರೂ ಅಂಕಿ ತಿದ್ದಿದ್ದರೆ ಆ ಕಡತವನ್ನು ಸ್ವೀಕರಿಸುವುದಿಲ್ಲ. ನನ್ನ ಕಾಲದಲ್ಲಿ ಇಂಥ ಏರ್ಪಾಡು ನಮ್ಮಲ್ಲಿ ಇದ್ದಿದ್ದರೆ ಎಷ್ಟೋ ಮನೆಗಳ ಕಿಟಕಿಗಳು ಇಂದು ಪಕ್ಕದ ಮನೆಯ ಗೋಡೆಯನ್ನು ನೋಡುತ್ತಿರಲಿಲ್ಲ.

ಪರಿಶೀಲನೆಯ ಕ್ರಮವನ್ನು ಕೇಳಿದಾಗ ನನಗೆ ನಿಜವಾಗಿ ಸಂತೋಷವಾಯಿತು. ದೇಶ ಯಾವುದೆಂದು ತಿಳಿದ ಕೂಡಲೇ ತಿರುಳು ಪ್ರತಿಯೊಂದು ಚಾನೆಲ್ಲನ್ನೂ ಕರೆದು, ಅದರ ಓಣಿ ಯಾವುದಾದರೊಂದು ಸಾಲಿನ ಬೇಲಿಯೊಳಗೆ ಪೂರ್ತಿಯಾಗಿ ಹಿಡಿಸುವುದೇ ಎಂದು ನೋಡುತ್ತದೆ. ನಡುಗೆರೆ ಒಳಗಿದ್ದರೆ ಸಾಲದು. ಎರಡು ಅಂಚುಗಳೂ ಒಳಗಿರಬೇಕು. ಹಿಡಿಸದಿದ್ದರೆ ಆ ಚಾನೆಲ್ಲಿಗೆ ನಿಷೇಧದ ಮುದ್ರೆ. ಹಿಡಿಸಿದರೆ, ಆ ಸಾಲಿನ ಗರಿಷ್ಠ ಅಗಲವನ್ನು ನೋಡಿ ಉಳಿದ ಮುದ್ರೆಗಳನ್ನು ಒತ್ತುತ್ತದೆ: ಇಲ್ಲಿ 40 ಕೂಡದು, ಇಲ್ಲಿ 80 ಕೂಡದು, ಇಲ್ಲಿ 160 ಕೂಡದು. ಗಮನಿಸಿ, ಅದು ಬರೆಯುವುದು ಅನುಮತಿಗಳನ್ನಲ್ಲ, ನಿರ್ಬಂಧಗಳನ್ನು. ನಮ್ಮ ಕೆಂಪು ಶಾಯಿಯ ಪದ್ಧತಿಯೇ!

ಒಂದನೆಯ ಚಾನೆಲ್ಲನ್ನೇ ಮತ್ತೆ ನೋಡೋಣ. 40 ಮೆಗಾಹರ್ಟ್ಸ್ ಅಗಲ ಬೇಕೆಂದರೆ ಪಕ್ಕದ 20ನ್ನು ಸೇರಿಸಿಕೊಳ್ಳಬೇಕು. ಬಲಕ್ಕೆ ಸೇರಿಸಿದರೆ ಓಣಿ 2402ರಿಂದ 2442, ಅಡ್ಡಿಯಿಲ್ಲ. ಎಡಕ್ಕೆ ಸೇರಿಸಿದರೆ 2382ರಿಂದ ಆರಂಭವಾಗುತ್ತದೆ. ಬೇಲಿ ಇರುವುದು 2400ರಲ್ಲಿ. ಆದ್ದರಿಂದ ಈ ಚಾನೆಲ್ಲಿಗೆ 'ಎಡಕ್ಕೆ ವಿಸ್ತರಣೆ ಇಲ್ಲ' ಎಂಬ ಮುದ್ರೆ. ಹದಿಮೂರನೆಯ ಚಾನೆಲ್ಲಿನ ಓಣಿ 2462ರಿಂದ 2482. ಅದಕ್ಕೆ 'ಬಲಕ್ಕೆ ವಿಸ್ತರಣೆ ಇಲ್ಲ' ಎಂಬ ಮುದ್ರೆ. ಮೂಲೆ ನಿವೇಶನದವನು ಒಂದು ಕಡೆಗೆ ಮಾತ್ರ ಹೊರಚಾಚಬಹುದಾದಂತೆ ಇದು.

ಆಮೇಲೆ ಯಾವುದಾದರೂ ಪ್ರೋಗ್ರಾಮು ಬಂದು, "ನನಗೆ 36ನೆಯ ಚಾನೆಲ್ಲಿನಲ್ಲಿ 80 ಅಗಲ ಬೇಕು" ಎಂದು ಅರ್ಜಿ ಹಾಕುತ್ತದೆನ್ನಿ. ಆಗ ತಿರುಳು ಮೊದಲು ಕೇಳಿದ ಆಕಾರ ಸರಿಯಾಗಿದೆಯೇ ಎಂದು ನೋಡುತ್ತದೆ. ಬಳಿಕ ಕಾರ್ಡಿಗೆ ಆ ಸಾಮರ್ಥ್ಯವಿದೆಯೇ ಎಂದು ನೋಡುತ್ತದೆ. ಅನಂತರ ಕೇಳಿದ ಅಗಲದ ಎಡ ತುದಿಯಿಂದ ಬಲ ತುದಿಯವರೆಗೆ ಇಪ್ಪತ್ತಿಪ್ಪತ್ತು ಮೆಗಾಹರ್ಟ್ಸ್‌ನ ಹೆಜ್ಜೆಯಿಟ್ಟು ನಡೆಯುತ್ತದೆ. 36, 40, 44, 48: ನಾಲ್ಕು ಹೆಜ್ಜೆ, 5170ರಿಂದ 5250. ನಾಲ್ಕರಲ್ಲಿ ಒಂದರ ಮೇಲೆ ನಿಷೇಧದ ಮುದ್ರೆಯಿದ್ದರೂ ಇಡೀ ಅರ್ಜಿ ತಿರಸ್ಕೃತ. ಶಿಫಾರಸು ನಡೆಯುವುದಿಲ್ಲ, ಕಾಫಿಯ ಆಮಿಷ ನಡೆಯುವುದಿಲ್ಲ.

160 ಬೇಕೆಂದರೆ ಸ್ವಾರಸ್ಯ ಇನ್ನೂ ಹೆಚ್ಚು. 36ರಿಂದ 64ರವರೆಗಿನ ಎಂಟು ಚಾನೆಲ್ಲುಗಳು, ಅಂದರೆ 5170ರಿಂದ 5330, ಒಟ್ಟಾಗಬೇಕು. ಆದರೆ ನಡುವೆ 5250ರಲ್ಲಿ ಒಂದು ಬೇಲಿಯಿದೆ. ಅದರ ಆಚೆ ಬೇರೆ ಸಾಲು, ಬೇರೆ ಷರತ್ತು. ಎರಡು ನಿವೇಶನಗಳು ಪಕ್ಕಪಕ್ಕದಲ್ಲಿವೆಯೆಂದ ಮಾತ್ರಕ್ಕೆ ನಡುವೆ ಮನೆ ಕಟ್ಟಲಾಗದಷ್ಟೆ; ಒಂದುಗೂಡಿಸುವ ಅನುಮತಿ ಬೇಕು. ಪಟ್ಟಿಯಲ್ಲಿ ಅದಕ್ಕೂ ಒಂದು ಗುರುತಿದೆ. ಎರಡು ಸಾಲುಗಳ ಮೇಲೂ ಆ ಗುರುತಿದ್ದು, ನಡುವೆ ಸಂದಿಯಿಲ್ಲದಿದ್ದರೆ, ತಿರುಳು ಎರಡನ್ನೂ ಕೂಡಿಸಿ ಒಟ್ಟು ಅಗಲವನ್ನು ಲೆಕ್ಕ ಹಾಕುತ್ತದೆ. ಆದರೆ ಒಂದು ಅರ್ಧಕ್ಕೆ ರಾಡಾರಿನ ಷರತ್ತಿದ್ದರೆ ಅದು ಇಡೀ ಕಟ್ಟಡಕ್ಕೂ ಅನ್ವಯಿಸುತ್ತದೆ. ಮನೆಯೊಳಗಿನ ಫೋನು 160ರ ಪೆಟ್ಟಿಗೆಯೊಂದನ್ನು ಸೇರಲು ಹೋಗಿ, ಅಷ್ಟು ಅಗಲಕ್ಕೆ ಅಪ್ಪಣೆ ಸಿಗದಿದ್ದರೆ, ಜಗಳವಾಡದೆ 80ಕ್ಕೆ ಇಳಿಯುತ್ತದೆ. ಅದೂ ಆಗದಿದ್ದರೆ 40, ಕೊನೆಗೆ 20. ಪೆಟ್ಟಿಗೆಯ ಮೇಲೆ ಬರೆದ ವೇಗ ಮನೆಯಲ್ಲಿ ದೊರೆಯದಿರುವುದಕ್ಕೆ ಇದೂ ಒಂದು ಕಾರಣ.

"ಹಾಗಾದರೆ ನಮ್ಮ ಯಂತ್ರ ಬಾಯಿ ಬಿಡದಿರುವುದು ಏಕಪ್ಪ? ಭಾರತದಲ್ಲಿ 36ನೆಯ ಚಾನೆಲ್ಲು ಮುಕ್ತವಾಗಿದೆಯಲ್ಲ?" ಎಂದು ಕೇಳಿದೆ.

ಮೊಮ್ಮಗ ಒಂದು ಆಜ್ಞೆ ಟೈಪು ಮಾಡಿ, ಯಂತ್ರ ತಾನು ಯಾವ ದೇಶದಲ್ಲಿದ್ದೇನೆಂದು ತಿಳಿದಿದೆ ಎಂಬುದನ್ನು ಕೇಳಿದ. ಉತ್ತರ ಬಂದಿತು: ಸೊನ್ನೆ, ಸೊನ್ನೆ.

ಅದು ಯಾವ ದೇಶದ ಗುರುತೂ ಅಲ್ಲ. ತಾನೆಲ್ಲಿದ್ದೇನೆಂದು ತಿಳಿಯದ ಯಂತ್ರಕ್ಕೆ ಇರುವ ನಿಯಮಾವಳಿ ಅದು. ಎಲ್ಲಿಯೇ ಇದ್ದರೂ ಯಾರಿಗೂ ತೊಂದರೆಯಾಗದಷ್ಟು ಸಂಕೋಚದಿಂದ ಅದನ್ನು ಬರೆದಿದ್ದಾರೆ. 5 ಗಿಗಾಹರ್ಟ್ಸ್‌ನ ಸಾಲುಗಳಲ್ಲೆಲ್ಲ ಅಲ್ಲಿ ಒಂದು ಷರತ್ತಿದೆ: ನೀನಾಗಿ ಮೊದಲು ಮಾತನಾಡಬೇಡ. ಕೇಳಿಸಿಕೊಳ್ಳಬಹುದು; ಬೇರೆಯವರು ಮಾತನಾಡುತ್ತಿದ್ದರೆ ಅವರನ್ನು ಸೇರಬಹುದು; ಆದರೆ ತಾನೇ ನಿಲಯವಾಗಿ ಪ್ರಸಾರ ಆರಂಭಿಸುವಂತಿಲ್ಲ. ಪರಸ್ಥಳಕ್ಕೆ ಹೋದಾಗ ಹಿರಿಯರು ನಮಗೆ ಹೇಳಿಕೊಡುತ್ತಿದ್ದುದೂ ಇದನ್ನೇ ಅಲ್ಲವೇ? ಸುತ್ತಲಿನ ಪೆಟ್ಟಿಗೆಗಳು ತಮ್ಮ ಪ್ರಕಟಣೆಯಲ್ಲಿ ದೇಶದ ಹೆಸರನ್ನು ಸಾರುತ್ತಿದ್ದರೆ ತಿರುಳು ಅದನ್ನು ಕೇಳಿ ತಿಳಿದುಕೊಳ್ಳುತ್ತದೆ. ನಮ್ಮ ಕೆಳಗಿನ ಪೆಟ್ಟಿಗೆ ಈ ವಿಷಯದಲ್ಲಿ ಮೌನಿ.

ಇಲ್ಲಿಯವರೆಗೆ ಎಲ್ಲವೂ ಸುಗಮವಾಗಿತ್ತು. ಮುಂದೆ ಹುಡುಗ ಮಾಡಿದ ಕೆಲಸ ನನಗೆ ಸರಿಬರಲಿಲ್ಲ. ದೇಶ ಯಾವುದೆಂದು ಯಂತ್ರಕ್ಕೆ ತಿಳಿಸುವ ಆಜ್ಞೆಯಲ್ಲಿ ಅವನು 'ಯುಎಸ್' ಎಂದು ಬರೆದ.

"ಅದೇಕೆ? ನಾವಿರುವುದು ಅಮೆರಿಕದಲ್ಲೇನೋ?"

"ಅಲ್ಲಿ ಜಾಗ ಹೆಚ್ಚು ತಾತ. 2020ರಲ್ಲಿ ಅವರು 6 ಗಿಗಾಹರ್ಟ್ಸ್‌ನಲ್ಲಿ 1200 ಮೆಗಾಹರ್ಟ್ಸ್ ಒಟ್ಟಿಗೇ ಬಿಟ್ಟುಕೊಟ್ಟಿದ್ದಾರೆ. ಕಾಲೇಜಿನಲ್ಲಿ ಎಲ್ಲರೂ ಹೀಗೇ ಹಾಕೋದು. ಯಾರು ಬಂದು ನೋಡ್ತಾರೆ?"

ಯಾರು ಬಂದು ನೋಡುತ್ತಾರೆ! ಮೂವತ್ತೆರಡು ವರ್ಷ ನಾನು ಕೇಳಿದ ಮಾತು ಇದೇ. ಪಕ್ಕದ ಗೋಡೆಗೆ ಒತ್ತಿ ಕಟ್ಟಿದ ಪ್ರತಿಯೊಬ್ಬ ಗೃಹಸ್ಥನೂ ಇದನ್ನೇ ಹೇಳುತ್ತಿದ್ದ. ಬೆಂಕಿಯ ವಾಹನ ಓಣಿಯೊಳಗೆ ಬರಲಾಗದ ದಿನ ಮಾತ್ರ ಎಲ್ಲರೂ ಬಂದು ನೋಡುತ್ತಿದ್ದರು.

ನಾನು ಅವನಿಗೆ ಬುದ್ಧಿ ಹೇಳುವ ಮೊದಲೇ ಯಂತ್ರ ಹೇಳಿತು. ದೇಶ ಬದಲಾದೊಡನೆ ತಿರುಳು ಎಲ್ಲ ಚಾನೆಲ್ಲುಗಳ ಮುದ್ರೆಗಳನ್ನೂ ಹೊಸದಾಗಿ ಒತ್ತಿತು. ಸ್ವಲ್ಪ ಹೊತ್ತಿಗೆ ಕೆಳಗಿನ ಪೆಟ್ಟಿಗೆಯೊಡನೆ ಇದ್ದ ಸಂಪರ್ಕವೇ ಕಡಿದುಹೋಯಿತು. ಪೆಟ್ಟಿಗೆಯ ಹೆಸರು ಕೂಡ ಪಟ್ಟಿಯಿಂದ ಮಾಯ! ಹುಡುಗ ತಂತಿ ನೋಡಿದ, ಕಾರ್ಡು ಕಿತ್ತು ಹಾಕಿದ, ಕೆಳಗೆ ಓಡಿ ಪೆಟ್ಟಿಗೆಯನ್ನು ಆರಿಸಿ ಹೊತ್ತಿಸಿದ. ಏನೂ ಆಗಲಿಲ್ಲ. ಅರ್ಧ ಗಂಟೆಯ ನಂತರ ಗುಟ್ಟು ತಿಳಿಯಿತು. ನಮ್ಮ ಪೆಟ್ಟಿಗೆ ಮಾತನಾಡುತ್ತಿದ್ದುದು 13ನೆಯ ಚಾನೆಲ್ಲಿನಲ್ಲಿ. ಪಟ್ಟಿಯಲ್ಲಿ ಅಮೆರಿಕದ ಸಾಲು 2472ಕ್ಕೆ ಮುಗಿಯುತ್ತದೆ. 11ನೆಯ ಚಾನೆಲ್ಲಿನ ನಡುಗೆರೆ 2462, ಬಲದ ಅಂಚು ಸರಿಯಾಗಿ 2472, ಅದು ಒಳಗೆ. 12ರದು 2477, 13ರದು 2482, ಅವೆರಡೂ ಹೊರಗೆ. ಭಾರತದ ಬೇಲಿ 2483.5ರವರೆಗೆ ಇರುವುದರಿಂದ ಇಲ್ಲಿ ಅವು ನ್ಯಾಯವಾಗಿ ನಮ್ಮವು. ಹೆಚ್ಚು ಜಾಗದ ಆಸೆಗೆ ಪರದೇಶದ ಹೆಸರು ಹೇಳಿ, ಸ್ವಂತ ಮನೆಯ ಬಾಗಿಲೇ ಕಾಣದಂತಾಯಿತು.

ಹುಡುಗ ನಕ್ಕ. ನಾನೂ ನಕ್ಕೆ. ಆದರೆ ನಗೆಯಲ್ಲಿ ಮುಗಿಸಬೇಕಾದ ವಿಷಯ ಇದಲ್ಲವೆಂದು, 1985ನೆಯ ಇಸವಿಯ ಎರಡು ಸಂಗತಿಗಳನ್ನು ಅವನಿಗೆ ಹೇಳಿದೆ.

ಆ ವರ್ಷದ ಮೇ ತಿಂಗಳಲ್ಲಿ ಅಮೆರಿಕದ ಸಂಪರ್ಕ ಆಯೋಗವು, ಅದುವರೆಗೆ ಮೈಕ್ರೋವೇವ್ ಒಲೆ ಮೊದಲಾದ ಉಪಕರಣಗಳಿಗೆ ಬಿಟ್ಟಿದ್ದ ಕೆಲವು ಪಟ್ಟಿಗಳಲ್ಲಿ ಲೈಸೆನ್ಸಿಲ್ಲದೆ ಸಂದೇಶ ಕಳಿಸಲು ಅವಕಾಶ ಕೊಟ್ಟಿತು. ಇಂದಿನ ವೈ-ಫೈಯ ಬೀಜ ಅಲ್ಲಿದೆ. ಅದೇ ವರ್ಷದ ಆಗಸ್ಟ್ 2ರಂದು ಡಲ್ಲಾಸ್ ನಗರದ ವಿಮಾನ ನಿಲ್ದಾಣದಲ್ಲಿ ಇಳಿಯಲಿದ್ದ ದೊಡ್ಡ ವಿಮಾನವೊಂದು, ಗುಡುಗುಮೋಡದಿಂದ ಹಠಾತ್ತನೆ ಕೆಳಕ್ಕೆ ಅಪ್ಪಳಿಸುವ ಗಾಳಿಗೆ ಸಿಕ್ಕಿ ನೆಲಕ್ಕೆ ಬಡಿಯಿತು. 130ಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು. ಇಂಥ ದುರಂತಗಳಿಂದ ಪಾಠ ಕಲಿತು ಆ ದೇಶದವರು ಮುಖ್ಯ ವಿಮಾನ ನಿಲ್ದಾಣಗಳ ಬಳಿ ಗಾಳಿಯ ಈ ಅಪಾಯವನ್ನು ಮುಂಚಿತವಾಗಿ ಕಾಣುವ ವಿಶೇಷ ಹವಾಮಾನ ರಾಡಾರುಗಳನ್ನು ಸ್ಥಾಪಿಸಿದರು. ಆ ರಾಡಾರುಗಳು ಕೆಲಸ ಮಾಡುವುದು 5600ರಿಂದ 5650 ಮೆಗಾಹರ್ಟ್ಸ್‌ನಲ್ಲಿ. ಮುಂದೆ ವೈ-ಫೈಗೆ ಬಿಟ್ಟುಕೊಟ್ಟ 5470ರಿಂದ 5725ರ ಹೊಲದ ನಡುವೆಯೇ ಆ ಪಟ್ಟಿ ಬರುತ್ತದೆ. ಒಂದೇ ವರ್ಷದಲ್ಲಿ ಹುಟ್ಟಿದ ಎರಡು ಅಗತ್ಯಗಳು ಕೊನೆಗೆ ಒಂದೇ ಓಣಿಯಲ್ಲಿ ಎದುರುಬದುರಾದವು.

ಅದಕ್ಕಾಗಿ ಮಾಡಿದ ಒಪ್ಪಂದವೇ ರಾಡಾರಿನ ಷರತ್ತು. ಅಂಥ ಚಾನೆಲ್ಲಿನಲ್ಲಿ ಪ್ರಸಾರ ಆರಂಭಿಸುವ ಮುನ್ನ ಪೆಟ್ಟಿಗೆ 60 ಸೆಕೆಂಡು ಸುಮ್ಮನಿದ್ದು ಆಲಿಸಬೇಕು. ಯೂರೋಪಿನಲ್ಲಿ ಹವಾಮಾನ ರಾಡಾರಿನ ಪಟ್ಟಿಗೆ ಈ ಮೌನ 10 ನಿಮಿಷ. ಮಾತಿನ ನಡುವೆ ರಾಡಾರಿನ ಸದ್ದು ಕೇಳಿದರೆ ಕೂಡಲೇ ಜಾಗ ಖಾಲಿ ಮಾಡಿ, 30 ನಿಮಿಷ ಆ ಕಡೆ ತಲೆ ಹಾಕಬಾರದು. ಓಣಿ ಅಗಲವಾದಷ್ಟೂ ಈ ಷರತ್ತಿಗೆ ಸಿಕ್ಕುವ ಸಂಭವ ಹೆಚ್ಚು. 100ರಿಂದ 128ರವರೆಗಿನ 160ರ ಓಣಿ 5490ರಿಂದ 5650ರವರೆಗೆ ಚಾಚಿ, ಹವಾಮಾನ ರಾಡಾರಿನ ಅಂಗಳವನ್ನು ಪೂರ್ತಿಯಾಗಿ ಮುಚ್ಚುತ್ತದೆ. 'ಎಷ್ಟು ಅಗಲ' ಎಂಬ ಪ್ರಶ್ನೆ ಬರಿಯ ವೇಗದ ಪ್ರಶ್ನೆಯಲ್ಲವೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

2009ರಲ್ಲಿ ಪೋರ್ಟೋರಿಕೋ ದ್ವೀಪದ ಸ್ಯಾನ್ ಹ್ವಾನ್ ನಗರದಲ್ಲಿ ಇಂಥ ರಾಡಾರಿನ ಪರದೆಯ ಮೇಲೆ ಸುಳ್ಳು ಗೆರೆಗಳು ಮೂಡತೊಡಗಿದವು. ಅಧಿಕಾರಿಗಳು ಹುಡುಕಿಕೊಂಡು ಹೋದಾಗ ಸಿಕ್ಕಿದ್ದು ಶತ್ರುವಲ್ಲ. ಕಟ್ಟಡಗಳ ತಲೆಯ ಮೇಲೆ ಇಂಟರ್‌ನೆಟ್ ಹಂಚಲು ನಿಲ್ಲಿಸಿದ್ದ ಸಾಧಾರಣ ನಿಸ್ತಂತು ಉಪಕರಣಗಳು. ಅಂಥ ಕೆಲವು ಪ್ರಕರಣಗಳಲ್ಲಿ ರಾಡಾರನ್ನು ಆಲಿಸುವ ಏರ್ಪಾಡನ್ನೇ ಆರಿಸಿಡಲಾಗಿತ್ತು. ಆಯೋಗವು ದಂಡ ವಿಧಿಸಲು ಮುಂದಾಯಿತು. ಯಾರು ಬಂದು ನೋಡುತ್ತಾರೆ ಎಂಬುದಕ್ಕೆ ಇದು ಒಂದು ಉತ್ತರ. ಆದರೆ ನಾನು ಹುಡುಗನಿಗೆ ಕೇಳಿದ್ದು ಬೇರೆ ಪ್ರಶ್ನೆ: "ಮಳೆಯಲ್ಲಿ ಇಳಿಯುತ್ತಿರುವ ವಿಮಾನದಲ್ಲಿ ನಿನ್ನ ಅಮ್ಮನೇ ಇದ್ದಿದ್ದರೆ?"

ಅವನು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ ಒಂದು ನ್ಯಾಯವಾದ ಮಾತು ಹೇಳಿದ. "ತಾತ, ಸುಳ್ಳು ಹೇಳಿದರೆ ಕರ್ನಲ್ ನಂಬುತ್ತಲ್ಲ? ಹಾಗಾದರೆ ಈ ಪರಿಶೀಲನೆಗೆ ಏನು ಬೆಲೆ?"

ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ತಿರುಳು ಪೂರ್ತಿ ಮುಗ್ಧವಲ್ಲ. ಕಾರ್ಡಿನಲ್ಲಿಯೇ ತಯಾರಕರು ದೇಶದ ಹೆಸರನ್ನು ಬರೆದಿದ್ದು, ಬಳಸುವವನು ಇನ್ನೊಂದು ಹೆಸರು ಹೇಳಿದರೆ, ತಿರುಳು ಎರಡು ನಿಯಮಗಳನ್ನೂ ಒಂದರ ಮೇಲೊಂದು ಇಟ್ಟು, ಎರಡೂ ಒಪ್ಪುವಷ್ಟನ್ನು ಮಾತ್ರ ಬಿಡುತ್ತದೆ. ಹೀಗೆ ಮಾತು ಹೆಚ್ಚಿದಷ್ಟೂ ಜಾಗ ಕಿರಿದಾಗುವುದೇ ಹೊರತು ಹಿರಿದಾಗುವುದಿಲ್ಲ. ಕೆಲವು ಹೊಸ ಕಾರ್ಡುಗಳು ದೇಶದ ನಿರ್ಧಾರವನ್ನು ತಮ್ಮೊಳಗೇ ಮಾಡಿಕೊಂಡು ಯಾರ ಮಾತನ್ನೂ ಕೇಳುವುದಿಲ್ಲ. ಆದರೂ ಈ ತಿರುಳಿನ ಬರಹ ಲೋಕಕ್ಕೆಲ್ಲ ತೆರೆದಿಟ್ಟದ್ದು. ತಿಳಿದವನು ಮುದ್ರೆಯೊತ್ತುವ ಸಾಲನ್ನೇ ಅಳಿಸಿಬಿಡಬಲ್ಲ. ಹಾಗೆಂದು ಎಲ್ಲರ ಯಂತ್ರಕ್ಕೂ ಬೀಗ ಜಡಿಯಬೇಕೇ ಎಂಬ ಚರ್ಚೆ 2015ರಲ್ಲಿ ಅಮೆರಿಕದಲ್ಲಿ ಜೋರಾಗಿಯೇ ನಡೆಯಿತು. ಬೇರೆ ತಂತ್ರಾಂಶ ಹಾಕುವುದನ್ನೇ ನಿಷೇಧಿಸುವುದು ತಮ್ಮ ಉದ್ದೇಶವಲ್ಲವೆಂದು ಆಯೋಗದವರು ಆಗ ಸ್ಪಷ್ಟಪಡಿಸಬೇಕಾಯಿತು. ಯಂತ್ರ ನಮ್ಮದಾಗಿರಬೇಕು, ಆಕಾಶ ಎಲ್ಲರದಾಗಿರಬೇಕು. ಈ ಎರಡನ್ನೂ ಏಕಕಾಲದಲ್ಲಿ ಉಳಿಸುವ ಶಕ್ತಿ ಯಾವ ಬೀಗಕ್ಕೂ ಇಲ್ಲ. ಬಳಸುವವನ ಪ್ರಾಮಾಣಿಕತೆಗೆ ಮಾತ್ರ ಇದೆ. ತಿರುಳು ಕೇಳುವುದು ಒಂದೇ ಪ್ರಶ್ನೆ: ನೀನು ಎಲ್ಲಿದ್ದೀಯೆ? ಅದಕ್ಕೆ ನಿಜವಾದ ಉತ್ತರ ಕೊಟ್ಟರೆ ಉಳಿದ ಲೆಕ್ಕವನ್ನೆಲ್ಲ ತಾನೇ ಮಾಡುತ್ತದೆ.

ಕಾನೂನು ಒಪ್ಪಿದ ಮೇಲೂ ಶಿಷ್ಟಾಚಾರವೆಂಬುದು ಉಳಿಯುತ್ತದೆ. 2.4 ಗಿಗಾಹರ್ಟ್ಸ್‌ನ ಪಟ್ಟಿಯ ಒಟ್ಟು ಅಗಲ 83.5 ಮೆಗಾಹರ್ಟ್ಸ್. ಒಂದರ ಮೇಲೊಂದು ಬೀಳದಂತೆ ಅಲ್ಲಿ ಸಾಮಾನ್ಯವಾಗಿ 1, 6, 11 ಎಂಬ ಮೂರೇ ಓಣಿಗಳನ್ನು ಬಿಡಿಸುತ್ತಾರೆ. ಹತ್ತು ಮನೆಗಳ ವಠಾರದಲ್ಲಿ ಒಬ್ಬರು 40ರ ಓಣಿ ಹಾಕಿ ಕುಳಿತರೆ ಉಳಿದ ಒಂಬತ್ತು ಮನೆಗಳಿಗೆ ಮಿಕ್ಕದ್ದೆಷ್ಟು? ಅಲ್ಲಿ 20ಕ್ಕೆ ತೃಪ್ತಿಪಡುವುದೇ ಗೃಹಸ್ಥರ ಲಕ್ಷಣ. ಅಗಲ ಬೇಕಾದವರಿಗೆ 5 ಗಿಗಾಹರ್ಟ್ಸ್ ಇದ್ದೇ ಇದೆ.

ನಮ್ಮ ಬಾಲ್ಯದಲ್ಲಿ ರೇಡಿಯೋವನ್ನು ಕೇಳುವುದಕ್ಕೂ ಲೈಸೆನ್ಸ್ ಬೇಕಾಗಿತ್ತು. ನಮ್ಮ ತಂದೆಯವರು ಅಂಚೆ ಕಚೇರಿಗೆ ಹೋಗಿ ಶುಲ್ಕ ಕಟ್ಟಿ ಬರುತ್ತಿದ್ದರು. 1935ರಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಪ್ರಸಾರ ಕೇಂದ್ರ ಆರಂಭಿಸಿದಾಗ, ಮನೆಯೊಂದು ಆಕಾಶದಲ್ಲಿ ಮಾತನಾಡುವುದೇ ಒಂದು ಅದ್ಭುತವಾಗಿತ್ತು. ಅದಕ್ಕೆ ಇಟ್ಟ 'ಆಕಾಶವಾಣಿ' ಎಂಬ ಹೆಸರು ಮುಂದೆ ದೇಶಕ್ಕೇ ಆಯಿತು. ಇಂದು ಪ್ರತಿ ಮನೆಯೂ, ಪ್ರತಿ ಜೇಬೂ ಒಂದೊಂದು ಆಕಾಶವಾಣಿ. ಲೈಸೆನ್ಸ್ ಪುಸ್ತಕ ಮಾಯವಾಯಿತೆಂದು ನಾವು ತಿಳಿದಿದ್ದೇವೆ. ಅದು ಮಾಯವಾಗಿಲ್ಲ, ಯಂತ್ರದ ತಿರುಳಿನೊಳಗೆ ಹೋಗಿ ಕುಳಿತು, ನಾವು ಮಾತನಾಡುವ ಮುನ್ನ ಪ್ರತಿ ಬಾರಿಯೂ ಒಮ್ಮೆ ಪುಟ ತೆರೆದು ನೋಡಿಕೊಳ್ಳುತ್ತಿದೆ.

ರಾತ್ರಿ ಒಂಬತ್ತರ ಸುಮಾರಿಗೆ ಮೊಮ್ಮಗ 'ಯುಎಸ್' ಅಳಿಸಿ 'ಐಎನ್' ಎಂದು ಬರೆದ. 13ನೆಯ ಚಾನೆಲ್ಲಿನ ಪೆಟ್ಟಿಗೆ ಮತ್ತೆ ಪ್ರತ್ಯಕ್ಷವಾಯಿತು. 36ನೆಯ ಚಾನೆಲ್ಲಿನಲ್ಲಿ 80ರ ಅಗಲಕ್ಕೆ ಅರ್ಜಿ ಹಾಕಿದ. ನಾಲ್ಕು ಹೆಜ್ಜೆ ನಡೆದು ತಿರುಳು ಅಪ್ಪಣೆ ಕೊಟ್ಟಿತು. ಕುತೂಹಲಕ್ಕೆಂದು 160ನ್ನೂ ಕೇಳಿ ನೋಡಿದ. ನಿರಾಕರಣೆ. ಈ ಬಾರಿ ಅಡ್ಡಿಯಾದದ್ದು ಯಾವ ದೇಶದ ನಿಯಮವೂ ಅಲ್ಲ. ನಮ್ಮ ಹಳೆಯ ಕಾರ್ಡಿಗೆ 80ಕ್ಕಿಂತ ಹೆಚ್ಚಿನ ಶಕ್ತಿಯೇ ಇರಲಿಲ್ಲ! 6 ಗಿಗಾಹರ್ಟ್ಸ್ ಅಂತೂ ಅದು ಕನಸಿನಲ್ಲಿಯೂ ಕಂಡದ್ದಲ್ಲ. ಪರದೇಶದ ಹೆಸರು ಹೇಳಿ ಗಳಿಸಬಹುದಾಗಿದ್ದ ಲಾಭ ಮೊದಲಿಂದಲೂ ಸೊನ್ನೆ.

ಸೋಮವಾರ ಸೊಸೆಯ ಸಂದರ್ಶನ ಮುಕ್ಕಾಲು ಗಂಟೆ ನಡೆಯಿತು. ಚಿತ್ರ ಒಮ್ಮೆಯೂ ನಿಲ್ಲಲಿಲ್ಲ. ಫಲಿತಾಂಶ ಇನ್ನೂ ಬಂದಿಲ್ಲ, ಬಂದರೆ ತಿಳಿಸುತ್ತೇನೆ. ಆ ಮುಕ್ಕಾಲು ಗಂಟೆಯೂ ಮೊಮ್ಮಗ ಮೆಟ್ಟಿಲ ಮೇಲೆ ಕುಳಿತು ಕಾವಲು ಕಾಯುತ್ತಿದ್ದ. ನನ್ನ ಶ್ರೀಮತಿ ಅವನಿಗೆ ಕಾಫಿ ಕೊಡುತ್ತ ವಿಚಾರಿಸಿದಳು: "ಅಂತೂ ಸರಿಹೋಯಿತಲ್ಲ, ಏನು ಮಾಡಿದೆಯೋ?"

"ಏನಿಲ್ಲ ಅಜ್ಜಿ," ಎಂದ ಹುಡುಗ. "ನಾವು ಎಲ್ಲಿದ್ದೀವಿ ಅಂತ ನಿಜ ಹೇಳಿದೆ, ಅಷ್ಟೆ."